ಮೂಲ ಪ್ರತಿ ಲಗತ್ತಿಸಿಲ್ಲ

ಕಮಲಾಪುರದ ಒಂದು ಸರ್ಕಾರಿ ಆಫೀಸಿಗೆ ಡಿಸೆಂಬರ್ ತಿಂಗಳಲ್ಲಿ ಒಂದು ಆದೇಶ ಬಂತು. ಯಾವ ಇಲಾಖೆಯ ಆಫೀಸು ಅಂತ ನನ್ನನ್ನು ಕೇಳಬೇಡಿ. ಬೋರ್ಡಿನ ಅಕ್ಷರ ಉದುರಿ ನಾಲ್ಕು ವರ್ಷವಾಯಿತು, ಒಳಗೆ ಕೂತವರಿಗೇ ಆಗಾಗ ಮರೆತುಹೋಗುತ್ತದೆ. ಆದೇಶದ ಸಾರಾಂಶ ಇಷ್ಟೇ: ಕಲಬುರಗಿಯ ವಿಶ್ವವಿದ್ಯಾಲಯವೊಂದು ಸರ್ಕಾರಿ ನೌಕರರಿಗಾಗಿ ‘ಸಾರ್ವಜನಿಕ ನೀತಿ ನಿರೂಪಣೆಯಲ್ಲಿ ಉನ್ನತ ತರಬೇತಿ’ ನಡೆಸುತ್ತದೆ. ಅವಧಿ ಮೂರು ತಿಂಗಳು. ಪ್ರತಿ ಕಚೇರಿಯಿಂದ ಅತ್ಯಂತ ಸಮರ್ಥರಾದ ಒಬ್ಬರನ್ನು ಕಳುಹಿಸತಕ್ಕದ್ದು.

ದೊಡ್ಡ ಸಾಹೇಬರು ಇದನ್ನು ಎರಡು ಸಲ ಓದಿ ತಲೆ ಕೆರೆದುಕೊಂಡರು. ಸಮರ್ಥರನ್ನೇ ಕಳಿಸಿಬಿಟ್ಟರೆ ಆಫೀಸು ನಡೆಸುವವರು ಯಾರು? ಕಂಪ್ಯೂಟರ್ ಆಪರೇಟರ್ ಒಂದು ದಿನ ರಜೆ ಹಾಕಿದರೆ ಬಾಗಿಲಲ್ಲಿ ಜನ ಬೊಬ್ಬೆ ಹೊಡೆಯುತ್ತಾರೆ. ಜವಾನ ಲಾಲ್ ಅಹ್ಮದ್ ಬಾರದಿದ್ದರೆ ಬೀಗವೇ ತೆಗೆಯುವುದಿಲ್ಲ. ಹಾಗಾದರೆ ಮೂರು ತಿಂಗಳು ಯಾರು ಇಲ್ಲದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ? ಎಲ್ಲರ ಕಣ್ಣೂ ಒಟ್ಟಿಗೇ ಮೂಲೆಯ ಟೇಬಲ್ಲಿನ ಕಡೆ ತಿರುಗಿದವು. ಅಲ್ಲಿ ಪ್ರಥಮ ದರ್ಜೆ ಸಹಾಯಕ ನೀಲಕಂಠ, ತಲೆ ಬಗ್ಗಿಸಿಕೊಂಡು, ಯಾರದೋ ಅರ್ಜಿಯ ಮೇಲೆ ‘ಮೂಲ ಪ್ರತಿ ಲಗತ್ತಿಸಿಲ್ಲ’ ಎಂದು ಬರೆಯುತ್ತಿದ್ದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಬರೆದದ್ದು ಹೆಚ್ಚಾಗಿ ಈ ಒಂದೇ ವಾಕ್ಯ. ಅಕ್ಷರ ಮಾತ್ರ ಮುತ್ತಿನಂಥವು.

“ನೀಲಕಂಠ, ಈ ಆಫೀಸಿನ ಮರ್ಯಾದಿ ಈಗ ನಿನ್ನ ಕೈಯಾಗ ಅದ ನೋಡಪ್ಪಾ,” ಅಂದರು ಸಾಹೇಬರು.

“ನಾ ಯಾಕ್ರೀ ಸರ? ಅಂಥಾದ್ದು ನನ್ನಾಗ ಏನದ?”

“ಎಲ್ಲಾರೂ ನಿನ್ನ ಹೆಸರೇ ಹೇಳ್ಯಾರ. ಒಬ್ಬರರೆ ಬ್ಯಾಡ ಅಂದಿಲ್ಲ.”

ಇದು ಅಪ್ಪಟ ಸತ್ಯ. ಸಾಹೇಬರು ಆ ವರ್ಷ ಆಡಿದ ಕೆಲವೇ ಸತ್ಯಗಳಲ್ಲಿ ಒಂದು.

ನೀಲಕಂಠನ ಎದೆ ಉಬ್ಬಿತು. ಆ ಸಂಜೆ ಕಲಬುರಗಿಯಲ್ಲಿ ಬಸ್ಸಿನಿಂದ ಇಳಿದವನು ನೇರ ಮನೆಗೆ ಹೋಗಲಿಲ್ಲ. ಸ್ಟೇಶನ್ ಬಜಾರಕ್ಕೆ ಹೋಗಿ ಹಿತ್ತಾಳೆ ಬಣ್ಣದ ಒಂದು ಬೋರ್ಡು ಮಾಡಿಸಿದ. ‘ನೀಲಕಂಠ, ನೀತಿ ನಿರೂಪಕರು.’ ಶಹಾಬಜಾರದ ಅವನ ಮನೆಯ ಬಾಗಿಲು ಅಗಲದಲ್ಲಿ ಸಣ್ಣದು, ಬೋರ್ಡು ದೊಡ್ಡದು. ಒಂದು ತುದಿ ಪಕ್ಕದ ಸುನಂದಾಬಾಯಿಯ ಗೋಡೆಗೆ ಬಂತು.

ಸುನಂದಾಬಾಯಿ ಕೈಯಲ್ಲಿ ಕಸಬರಿಗೆ ಹಿಡಿದೇ ಓದಿದಳು. “ಅಂದ್ರ ಇನ್ನ ಮ್ಯಾಲ ಸರ್ಕಾರ ಏನ ಮಾಡ್ಬೇಕು ಅನ್ನೂದು ನೀವೇ ಹೇಳ್ತೀರೇನ್ರೀ?”

“ಹಂಗ ಅನಬಹುದ್ರಿ,” ಅಂದ ನೀಲಕಂಠ, ಸಂಕೋಚದಿಂದ.

“ಹಂಗಂದ್ರ ಮೊದಲ ಈ ಗಟಾರದ ನೀತಿ ನೋಡ್ರಿ. ನಾಕ ದಿನ ಆತು ನಾರಾಕತ್ತಿ.”

“ಮೂರು ತಿಂಗಳ ತಡೀರಿ ಅಕ್ಕಾರ.”

ಒಳಗಿನಿಂದ ಹೆಂಡತಿ ನಾಗರತ್ನಾಳ ದನಿ ಬಂತು. “ನಳಕ್ಕ ನೀರ ಯಾವತ್ತ ಬಿಡ್ತಾರ ಅನ್ನೂದು ಗೊತ್ತಿಲ್ಲ ಈ ಮನುಷ್ಯಾಗ. ನೀತಿ ಮಾಡ್ತಾರಂತ, ನೀತಿ!”

ಇಲ್ಲಿಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನೀಲಕಂಠನ ಟೇಬಲ್ ಮೇಲೆ ಒಂದು ಕಡತ ಇತ್ತು. ಈಗ ಅದರ ಮಾತು ಹೇಳಬೇಕು.

ಕಮಲಾಪುರದ ಅಂಚಿನಲ್ಲಿ ನಲವತ್ತು ಮನೆಯ ಒಂದು ಓಣಿ. ಆ ಓಣಿಯ ಸ್ಮಶಾನ ನಾಲಾದ ಆಚೆ ದಂಡೆಗೆ. ಮೇಲುಗಡೆ ಒಂದು ಸಣ್ಣ ಸೇತುವೆ ಇದೆ, ಆದರೆ ಅಲ್ಲಿಗೆ ಹೋಗಲು ದತ್ತಪ್ಪನ ಬಾಳೆ ತೋಟ ದಾಟಬೇಕು, ದಾರಿ ಇಲ್ಲ. ಹಾಗಾಗಿ ಸತ್ತವರನ್ನು ನಾಲಾದೊಳಗೇ ಇಳಿಸಿ ಹೊತ್ತು ಒಯ್ಯುತ್ತಾರೆ. ಒಂಬತ್ತು ವರ್ಷದ ಹಿಂದೆ, ಮಳೆಗಾಲದಲ್ಲಿ, ಕಲ್ಯಾಣಪ್ಪ ಎಂಬುವವರು ತೀರಿಕೊಂಡರು. ವಿಭೂತಿ ಹಚ್ಚಿ, ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕುಂಡ್ರಿಸಿ ಒಯ್ಯುವಾಗ ನಡು ನಾಲಾದಲ್ಲಿ ಒಬ್ಬನ ಕಾಲು ಜಾರಿತು. ವಿಮಾನ ವಾಲಿತು. ಕಲ್ಯಾಣಪ್ಪ ನೀರಿಗೆ ಬಿದ್ದರು, ಹುಡುಕಿ ಎತ್ತಲು ಅರ್ಧ ತಾಸು ಬೇಕಾಯಿತು. ದಂಡೆಯ ಮೇಲೆ ನಿಂತು ಅದನ್ನು ನೋಡಿದವಳು ಅವರ ಹೆಂಡತಿ ಕಸ್ತೂರಿಬಾಯಿ. ಮಕ್ಕಳಿಲ್ಲದ ಹೆಣ್ಣುಮಗಳು. ಮರುವಾರ ಆಫೀಸಿಗೆ ಬಂದು ದಾರಿಗಾಗಿ ಅರ್ಜಿ ಕೊಟ್ಟಳು.

ಒಂಬತ್ತು ವರ್ಷ, ಪ್ರತಿ ಮಂಗಳವಾರ, ಸೆರಗಿನಲ್ಲಿ ಎರಡು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಂದಳು. ಕಡೆಗೆ ದತ್ತಪ್ಪನ ಮನಸ್ಸು ಕರಗಿ, ತೋಟದ ಬದುವಿನಲ್ಲಿ ದಾರಿ ಬಿಡುತ್ತೇನೆಂದು ಒಪ್ಪಿಗೆ ಪತ್ರಕ್ಕೆ ಹೆಬ್ಬಟ್ಟು ಒತ್ತಿದ. ಒತ್ತಿ ಒಂದು ತಿಂಗಳಿಗೆ ಅವನೂ ತೀರಿಕೊಂಡ. ಅವನ ಮಕ್ಕಳು, “ಮುದುಕಗ ಅರವು-ಮರವು ಆಗಿತ್ತು, ನಾವು ಒಂದು ಗೇಣು ಬಿಡಂಗಿಲ್ಲ” ಅಂದರು. ಆದರೆ ಪತ್ರ ಪತ್ರವೇ. ಮೂಲ ಪತ್ರ ಕೈಯಲ್ಲಿರುವ ತನಕ ಮಕ್ಕಳ ಮಾತು ನಡೆಯುವ ಹಾಗಿರಲಿಲ್ಲ. ಇನ್ನು ಉಳಿದದ್ದು ಒಂದೇ ಕೆಲಸ. ಕಡತಕ್ಕೊಂದು ಕವರಿಂಗ್ ಲೆಟರ್ ಬರೆದು ಜಿಲ್ಲೆಯ ಆಫೀಸಿಗೆ ಕಳಿಸುವುದು. ಹತ್ತು ಮಿನಿಟಿನ ಕೆಲಸ.

ನೀಲಕಂಠ ತರಬೇತಿಗೆ ಹೊರಡುವ ಹಿಂದಿನ ಮಂಗಳವಾರ ಕಸ್ತೂರಿಬಾಯಿ ಬಂದು ಟೇಬಲ್ ಮುಂದೆ ನಿಂತಳು.

“ಯಪ್ಪಾ, ನನ್ನ ಕಾಗದ ಎಲ್ಲಿ ತನಕ ಬಂತು?”

“ಬಂತು ಆಯಿ, ದಂಡಿಗಿ ಬಂತು. ಇನ್ನ ಒಂದ ಕೈ ಅಷ್ಟೇ.”

“ನಂದೂ ದಂಡಿಗೇ ಬಂದದಪ್ಪಾ. ಸಾಯೂದಕ್ಕ ಅಂಜಿಕಿಲ್ಲ ನನಗ. ಆ ನಾಲಾದಾಗ ನನ್ನ ಇಳಸಬ್ಯಾಡ್ರಿ, ಅಷ್ಟ ಮಾಡು.”

“ಮಾಡ್ತೀನಿ ಆಯಿ. ನಾ ಅದೀನಿ.”

ಮಾಡುತ್ತಿದ್ದ, ಸುಳ್ಳಲ್ಲ. ಪೆನ್ನೂ ತೆಗೆದಿದ್ದ. ಅಷ್ಟರಲ್ಲಿ ತರಬೇತಿಯ ಸೂಚನಾ ಪತ್ರ ಕಣ್ಣಿಗೆ ಬಿತ್ತು: ‘ಪ್ರತಿ ಶಿಬಿರಾರ್ಥಿಯೂ ತನ್ನ ಕಚೇರಿಯ ಒಂದು ನೈಜ ಪ್ರಕರಣ ತರತಕ್ಕದ್ದು.’ ಇದಕ್ಕಿಂತ ನೈಜ ಪ್ರಕರಣ ಎಲ್ಲಿ ಸಿಗಬೇಕು? ಒಂಬತ್ತು ವರ್ಷ ಹೋಗಿದೆ, ಮೂರು ತಿಂಗಳಲ್ಲಿ ಏನು ಆಕಾಶ ಬೀಳುತ್ತದೆ ಅಂದುಕೊಂಡು ಕಡತವನ್ನು ಚೀಲದಲ್ಲಿ ಇಟ್ಟುಕೊಂಡ. ಅವತ್ತೇ ಆಕಾಶ ಬಿತ್ತು ಅಂತ ಅವನಿಗೆ ತಿಳಿಯಲಿಲ್ಲ.

ತರಬೇತಿ ಕೇಂದ್ರ ಕೋಟನೂರ ಕಡೆ ಹೊಸದಾಗಿ ಎದ್ದ ಗಾಜಿನ ಕಟ್ಟಡದಲ್ಲಿತ್ತು. ಒಳಗೆ ತಣ್ಣನೆ ಗಾಳಿ, ಗೋಡೆ ತುಂಬ ಪರದೆ, ದಿನಾ ಹನ್ನೊಂದು ಗಂಟೆಗೆ ಸಮೋಸ. ಡಾಕ್ಟರ್ ಅಜಿತ ಎಂಬ ಚುರುಕಿನ ಪ್ರಾಧ್ಯಾಪಕರು ಪಾಠ ಮಾಡುತ್ತಿದ್ದರು. ನೀತಿಗೆ ಆರು ಹಂತ ಇವೆ, ಪ್ರತಿ ಹಂತಕ್ಕೂ ನಾಲ್ಕು ಬಾಣದ ಗುರುತು ಇವೆ, ಕೊನೆಯ ಬಾಣ ತಿರುಗಿ ಮೊದಲನೆಯದಕ್ಕೇ ಬರುತ್ತದೆ ಎಂಬುದನ್ನು ನೀಲಕಂಠ ಅಲ್ಲಿ ಕಲಿತ. ನೋಟ್‌ಬುಕ್ಕಿನಲ್ಲಿ ಬಾಣ ಬರೆದು ಬರೆದು ಬೆರಳು ನೋಯಿಸಿಕೊಂಡ. ಕೊನೆಗೆ ಒಂದು ವರದಿಯನ್ನೂ ಬರೆದ. ಹೆಸರು: ‘ಕಡತ ವಿಲೇವಾರಿಯಲ್ಲಿ ವಿಳಂಬ: ಕಾರಣಗಳು ಹಾಗೂ ಪರಿಹಾರ.’

“ಭಾಳ ಛಲೋ ಬರದೀರಿ,” ಅಂದರು ಅಜಿತ. “ಕಡತದ ಕಾಗದಗಳನ್ನ ಹಿಂದ ಅನುಬಂಧ ಅಂತ ಹಾಕ್ರಿ. ಜೆರಾಕ್ಸ್ ಸಾಕು.”

ಜೆರಾಕ್ಸ್! ನೀಲಕಂಠನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಪ್ಪತ್ತೆರಡು ವರ್ಷ ಸಾವಿರಾರು ಜನರ ಅರ್ಜಿಯನ್ನು ಜೆರಾಕ್ಸ್ ಅನ್ನುವ ಒಂದೇ ಕಾರಣಕ್ಕೆ ತಿರುಗಿ ಕಳಿಸಿದವನು, ನಾಳೆ ತನ್ನದೇ ವರದಿಗೆ ಜೆರಾಕ್ಸ್ ಲಗತ್ತಿಸಬೇಕೆ? ಯಾರಾದರೂ ನೋಡಿ ನಕ್ಕರೆ? ಪ್ರಾಧ್ಯಾಪಕರು ಪಾಪ, ಆಫೀಸಿನ ಅನುಭವ ಇಲ್ಲದವರು, ಅವರಿಗೇನು ಗೊತ್ತು ಅಂದುಕೊಂಡ. ಮೂಲ ಕಾಗದಗಳನ್ನೇ ತೆಗೆದುಕೊಂಡು ಶಹಾಬಜಾರದ ಸಂದಿಯಲ್ಲಿದ್ದ ನಬಿಸಾಬರ ಬೈಂಡಿಂಗ್ ಅಂಗಡಿಗೆ ಹೋದ.

ನಬಿಸಾಬರು ಕನ್ನಡಕ ಏರಿಸಿ ದತ್ತಪ್ಪನ ಹೆಬ್ಬಟ್ಟು ನೋಡಿದರು. “ಸಾಬ್, ಇದು ಅಸಲಿ ಕಾಗದ ಅದಲ್ರೀ. ಹೊಲೀಲೇನು?”

“ಹೊಲೀರಿ ನಬಿಸಾಬ್. ಜೆರಾಕ್ಸ್ ಹಾಕೋ ಮನುಷ್ಯಾ ನಾ ಅಲ್ಲ.”

“ಸೋಚ್ಕೆ ಬೋಲೋ ಸಾಬ್. ನಬಿಸಾಬನ ಸೂಜಿ ಒಮ್ಮೆ ಬಿತ್ತಂದ್ರ ಖಯಾಮತ್ ತನಕ ಬಿಚ್ಚಂಗಿಲ್ಲ.”

“ಅಂಥಾದ್ದೇ ಬೇಕು.”

ಕೆಂಪು ರಟ್ಟು, ಬಂಗಾರದ ಅಕ್ಷರ. ಪುಸ್ತಕ ಮದುವಣಗಿತ್ತಿಯ ಹಾಗೆ ಹೊರಗೆ ಬಂತು. ಸಮಾರೋಪದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಶಾಲು ಹೊದಿಸಿದರು, ಹಾರ ಹಾಕಿದರು. ಪುಸ್ತಕವನ್ನು ಮಾದರಿ ವರದಿ ಎಂದು ಸಾರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಳಿಸಿದರು. ನೀಲಕಂಠ ಕಮಲಾಪುರಕ್ಕೆ ಮರಳಿ ಬಂದಾಗ ಕಸ್ತೂರಿಬಾಯಿ ಬಾಗಿಲಲ್ಲೇ ಕಾದಿದ್ದಳು. ಲಾಲ್ ಅಹ್ಮದ್ ಅವಳಿಗೆ ಎಲ್ಲ ಹೇಳಿದ್ದ. ಅವಳು ಓಣಿಗೆಲ್ಲ ಹೇಳಿದ್ದಳು. “ನನ್ನ ಕಾಗದ ದೊಡ್ಡ ಕಾಲೇಜಿಗಿ ಹೋಗ್ಯದವ್ವಾ. ಪಹಿಲಾ ನಂಬರ ಪಾಸಾಗ್ಯದ. ಇನ್ನ ಅದಕ್ಕ ನೌಕರಿ ಸಿಕ್ಕಂಗ.”

ಏಪ್ರಿಲ್ ಕೊನೆಗೆ ಜಿಲ್ಲೆಯ ಆಫೀಸಿನಿಂದ ಪತ್ರ ಬಂತು: ಸ್ಮಶಾನದ ದಾರಿಯ ಪ್ರಸ್ತಾವನೆಗಳಿದ್ದರೆ ಕೂಡಲೇ ಕಳುಹಿಸಿ. ನೀಲಕಂಠ ಉತ್ಸಾಹದಿಂದ ಎದ್ದು ಅಲಮಾರಿ ತೆಗೆದ. ಮೂರು ಅರೆ ಹುಡುಕಿದ. ನಾಲ್ಕನೆಯದಕ್ಕೆ ಕೈ ಹಾಕಿದಾಗ ನೆನಪಾಯಿತು. ಹಾಗೇ ನೆಲದ ಮೇಲೆ ಕೂತುಬಿಟ್ಟ. ಬಿಸಿಲು ಹತ್ತಿರಬೇಕು ಅಂತ ಲಾಲ್ ಅಹ್ಮದ್ ನೀರು ತಂದುಕೊಟ್ಟ.

ಮರುದಿನ ಗ್ರಂಥಾಲಯಕ್ಕೆ ಓಡಿದ. ಗ್ರಂಥಪಾಲಕಿ ಮೆಹರೀನ್ ಎಂಬ ಹೆಣ್ಣುಮಗಳು. ಮಾತು ಕಡಿಮೆ, ಕೆಲಸ ಚೊಕ್ಕ.

“ಇದು ಪರಾಮರ್ಶನ ಗ್ರಂಥ ಅದರೀ ಸರ. ಹೊರಗ ಕೊಡಂಗಿಲ್ಲ.”

“ನಾ ಬರದ ಪುಸ್ತಕಾ ಮೇಡಂ!”

“ಬರದವರಿಗೂ ಕೊಡಂಗಿಲ್ರೀ.”

“ಪೂರಾ ಬ್ಯಾಡ್ರಿ. ಹಿಂದಿನ ಹಾಳಿ ಅಷ್ಟ ಬೇಕು.”

“ಹಾಳಿ ಹರಿಯೂದು ಅಪರಾಧ ಅದರಿ. ಕುಲಸಚಿವರಿಗಿ ಅರ್ಜಿ ಹಾಕ್ರಿ.”

ಅರ್ಜಿ ಹಾಕಿದ. ಒಂದು ತಿಂಗಳ ಮೇಲೆ ಉತ್ತರ ಬಂತು. ಗ್ರಂಥಾಲಯಕ್ಕೆ ಸೇರಿದ ಪುಸ್ತಕದಿಂದ ಕಾಗದ ಹಿಂಪಡೆಯಲು ಸದ್ಯ ಯಾವ ನೀತಿಯೂ ಇರುವುದಿಲ್ಲ, ನೀತಿ ರೂಪಿಸಲು ಸಮಿತಿ ರಚಿಸಲಾಗಿದೆ, ಸಮಿತಿಯಲ್ಲಿ ನೀತಿ ನಿರೂಪಣೆಯ ಪರಿಣತರಾದ ಶ್ರೀ ನೀಲಕಂಠ, ಕಮಲಾಪುರ, ಇವರನ್ನು ಸದಸ್ಯರನ್ನಾಗಿ ನೇಮಿಸಲಾಗಿದೆ. ನಾಗರತ್ನಾ ಆ ಪತ್ರವನ್ನು ಪೂರಾ ಓದಿದಳು. ನಗಲಿಲ್ಲ. “ಆ ಬೋರ್ಡ್ ತಗೀರಿ ಮೊದಲ,” ಅಂದಳು.

ಅಷ್ಟರಲ್ಲಿ ಅವನು ಒಂದು ಉಪಾಯ ಮಾಡಿದ್ದ. ಪುಸ್ತಕದ ಹಾಳೆಯ ಜೆರಾಕ್ಸ್ ತೆಗೆಸಿ, ಅದಕ್ಕೆ ಗ್ರಂಥಾಲಯದ ಮೊಹರು ಹಾಕಿಸಿ ಜಿಲ್ಲೆಯ ಆಫೀಸಿಗೆ ಕಳಿಸಿದ್ದ. ಹನ್ನೆರಡನೇ ದಿನ ಲಕೋಟೆ ತಿರುಗಿ ಬಂತು. ಮೇಲೆ ಯಾರೋ ಗುಮಾಸ್ತನ ಕೈಬರಹ, ಅದೂ ಮುತ್ತಿನಂಥದ್ದೇ: ‘ಮೂಲ ಪ್ರತಿ ಲಗತ್ತಿಸಿಲ್ಲ.’ ನೀಲಕಂಠ ಆ ವಾಕ್ಯವನ್ನು ಹತ್ತು ಸಾವಿರ ಸಲ ಬರೆದಿದ್ದ. ಓದಿದ್ದು ಇದೇ ಮೊದಲು. ತಾನು ತಿರುಗಿ ಕಳಿಸಿದವರ ಮುಖಗಳನ್ನು ನೆನೆಯಲು ನೋಡಿದ. ಒಂದೂ ನೆನಪಾಗಲಿಲ್ಲ, ಯಾಕೆಂದರೆ ಅವನು ತಲೆ ಎತ್ತಿ ನೋಡಿದವನೇ ಅಲ್ಲ.

ಜೂನ್‌ನಲ್ಲಿ ಕಸ್ತೂರಿಬಾಯಿಯೇ ಕೇಳಿದಳು. “ಯಪ್ಪಾ, ನನ್ನ ಕಾಗದ ಒಮ್ಮೆ ಕಣ್ಣಿಲೆ ನೋಡಬೇಕು. ಕರಕೊಂಡು ಹೋಗ್ತೀಯೇನು?” ಬಸ್ಸು ಹತ್ತಿಸಿ ಕರೆತಂದ.

ಮೆಹರೀನ್ ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿಟ್ಟಳು. ಮುದುಕಿ ಓದು ಬಾರದವಳು, ದತ್ತಪ್ಪನ ಹೆಬ್ಬಟ್ಟಿನ ಮೇಲೆ ಬೆರಳಾಡಿಸಿದಳು. ಸುತ್ತ ನೋಡಿದಳು. ಮೇಲಿನ ಫ್ಯಾನು, ಗಾಜಿನ ಕಪಾಟು, ನುಣ್ಣನೆ ನೆಲ.

“ಎಷ್ಟ ಛಲೋ ಇಟ್ಟಾರ ನನ್ನ ಕಾಗದ. ನಾ ಹುಟ್ಟಿದಾಗಿಂದ ಇಂಥಾ ಜಾಗಾದಾಗ ಕುಂತಿಲ್ಲ.” ಹೆಬ್ಬಟ್ಟಿನ ಮೇಲಿಂದ ಬೆರಳು ತೆಗೆದು ಕೇಳಿದಳು. “ಇದು ಇಲ್ಲಿ ಇದ್ರ, ಅಲ್ಲಿ ದಾರಿ ಹೆಂಗ ಆಗ್ತದೋ ಯಪ್ಪಾ?”

ಆರು ಹಂತ, ಇಪ್ಪತ್ತನಾಲ್ಕು ಬಾಣ ಕಲಿತವನಿಗೆ ಅದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಅವನು ನೆಲ ನೋಡಿದ. ಎಲ್ಲ ನಿಜವನ್ನೂ ಅಲ್ಲೇ ಹೇಳಿದ. ಮುದುಕಿ ಸೆರಗಿನ ಬಾಳೆಹಣ್ಣು ಬಿಚ್ಚಿ ಅವನ ಮುಂದಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೆಹರೀನ್ ಇಬ್ಬರನ್ನೂ ನೋಡಿದಳು. ತನ್ನ ಮೇಜಿನ ಮೇಲಿದ್ದ ಸಣ್ಣ ಬ್ಲೇಡನ್ನು, ಪೆನ್ಸಿಲ್ ಚೂಪು ಮಾಡುವುದನ್ನು, ಪುಸ್ತಕದ ಪಕ್ಕಕ್ಕೆ ಸರಿಸಿದಳು. “ನಾ ಚಹಾ ಕುಡದ ಬರ್ತೀನ್ರಿ ಸರ. ಹತ್ತು ಮಿನಿಟು ಆಗ್ತದ. ಕ್ಯಾಮೆರಾ ಸುದಾ ಕೆಟ್ಟದ, ಆರು ತಿಂಗಳಾತು.” ಎದ್ದು ಹೋದಳು.

ನೀಲಕಂಠನ ಕೈ ಬ್ಲೇಡಿನ ತನಕ ಹೋಯಿತು. ಅಲ್ಲೇ ನಿಂತಿತು. ಪುಸ್ತಕದ ಮೇಲೆ ಗ್ರಂಥಾಲಯದ ಮೊಹರು, ನೋಂದಣಿ ಸಂಖ್ಯೆ. ದಾಖಲೆಗೆ ಬಂದದ್ದನ್ನು ಹರಿಯುವುದೆಂದರೆ! ಪಿಂಚಣಿ ಹೋದರೆ? ನಾಗರತ್ನಾಳ ಗತಿ? “ನಬಿಸಾಬನ ಬೈಂಡಿಂಗ್ ಆಯಿ, ಖಯಾಮತ್ ತನಕ ಬಿಚ್ಚಂಗಿಲ್ಲ,” ಅಂದ. “ಸಮಿತಿ ಅದ. ನಾನೂ ಅದರಾಗ ಅದೀನಿ. ಕಾಯ್ದೇಶೀರ ಆಗ್ತದ ತಡಿ.”

ಹತ್ತು ಮಿನಿಟಿಗೆ ಮೆಹರೀನ್ ಬಂದಳು. ಬಾಗಿಲಲ್ಲೇ ನಿಂತು ಪುಸ್ತಕ ನೋಡಿದಳು. “ಇನ್ನೂ ಹಂಗೇ ಅದನೇನ್ರೀ?” ಅಂದು, ಎತ್ತಿ ಕಪಾಟಿನಲ್ಲಿಟ್ಟಳು.

ಸಮಿತಿ ಮೂರು ಸಲ ಸೇರಿತು, ಮೂರು ಸಲವೂ ಸಾಕಷ್ಟು ಸದಸ್ಯರು ಬರಲಿಲ್ಲ. ನಾಲ್ಕನೇ ಸಲ ಸಮೋಸ ಇತ್ತು, ಎಲ್ಲರೂ ಬಂದರು. ಕಾಗದ ಹಿಂಪಡೆಯುವ ನೀತಿಯನ್ನು ಮುಂದಿನ ಸಭೆಯಲ್ಲಿ ಚರ್ಚಿಸುವುದೆಂದು ತೀರ್ಮಾನವಾಯಿತು. ಅಲ್ಲಿಯ ತನಕ ಗ್ರಂಥಾಲಯದ ಕೆಟ್ಟ ಕ್ಯಾಮೆರಾ ತಕ್ಷಣ ರಿಪೇರಿ ಮಾಡಿಸುವುದು, ಹಾಳೆ ಹರಿದವರ ಮೇಲೆ ಪೊಲೀಸರಿಗೂ ಅವರ ಇಲಾಖೆಗೂ ದೂರು ಕೊಡುವುದು ಎಂದೂ ತೀರ್ಮಾನವಾಯಿತು. ಎಲ್ಲರೂ ಸಹಿ ಮಾಡಿದರು. ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ಸಹಿ ಮಾಡುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ನೀಲಕಂಠನೂ ಮಾಡಿದ.

ಆಗಸ್ಟ್‌ನಲ್ಲಿ ಮಳೆ ಹಿಡಿಯಿತು. ಐದು ದಿನ ಬಿಡಲಿಲ್ಲ. ಆರನೇ ದಿನ ಲಾಲ್ ಅಹ್ಮದ್ ಟೇಬಲ್ ಹತ್ತಿರ ಬಂದು ಮೆಲ್ಲಗೆ ಹೇಳಿದ. “ಸಾಬ್, ಬಾಳೆಹಣ್ಣಿನ ಆಯಿ ಹೋಗಿಬಿಟ್ಟಳ್ರೀ.”

ನೀಲಕಂಠ ಕೊಡೆ ಮರೆತು ಓಡಿದ. ಅವನು ತಲುಪುವ ಹೊತ್ತಿಗೆ ವಿಮಾನ ನಾಲಾದ ದಂಡೆಗೆ ಬಂದಿತ್ತು. ಕಸ್ತೂರಿಬಾಯಿ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಆಫೀಸಿನ ಬೆಂಚಿನ ಮೇಲೆ ಕೂರುತ್ತಿದ್ದ ಹಾಗೇ ನೆಟ್ಟಗೆ ಕೂತಿದ್ದಳು. ಓಣಿಯಲ್ಲಿ ಹೊರುವ ಗಂಡಸರು ಕಡಿಮೆ. ನೀಲಕಂಠ ಚಪ್ಪಲಿ ಬಿಟ್ಟು ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಕೆಸರು ನೀರು ನಡದ ತನಕ ಬಂತು, ಕಾಲಡಿ ಕಲ್ಲು ಜಾರುತ್ತಿತ್ತು.

ಆಗಲೇ ಈಚೆ ದಂಡೆಯ ಮೇಲೆ ಒಂದು ಬಸ್ಸು ಬಂದು ನಿಂತಿತು. ಬಸ್ಸಿಗೆ ಬ್ಯಾನರು: ‘ಉನ್ನತ ನೀತಿ ತರಬೇತಿ, ಎರಡನೇ ತಂಡ, ಕ್ಷೇತ್ರ ಭೇಟಿ.’ ಮಾದರಿ ವರದಿಯ ಸ್ಥಳವನ್ನು ಕಣ್ಣಾರೆ ತೋರಿಸಲು ಡಾಕ್ಟರ್ ಅಜಿತರು ಹೊಸ ಶಿಬಿರಾರ್ಥಿಗಳನ್ನು ಕರೆತಂದಿದ್ದರು. ಇಪ್ಪತ್ತು ಜನ ಕೊಡೆ ಬಿಚ್ಚಿ, ಪ್ಯಾಡು ಹಿಡಿದು ಸಾಲಾಗಿ ನಿಂತರು.

“ನೋಡ್ರಿ, ಅವರೇ ವರದಿ ಬರದ ನೀಲಕಂಠ ಅವರು,” ಅಂದರು ಅಜಿತ, ಅಭಿಮಾನದಿಂದ. ನಡು ನಾಲಾದಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ತಿಳಿಯಲು ಇನ್ನೂ ಎರಡು ಮಿನಿಟು ಬೇಕಿತ್ತು.

ಒಬ್ಬ ಎಳೆಯ ಅಧಿಕಾರಿ ದಂಡೆಯ ತುದಿಗೆ ಬಂದು ಕೂಗಿದ. “ಸರ, ನಿಮ್ಮ ವರದಿ ಇಪ್ಪತ್ತೊಂದನೇ ಪುಟದಾಗ ನೀರು ಮೊಣಕಾಲ ಮಟ ಅಂತ ಅದರಿ. ಇಲ್ಲಿ ನಡದ ಮಟ ಕಾಣಾಕತ್ತದ. ಯಾವುದು ಬರಕೊಳ್ಳೂಣು?”

ನೀಲಕಂಠನಿಗೆ ತಲೆ ತಿರುಗಿಸಲು ಆಗಲಿಲ್ಲ, ಬಿದಿರು ಕುತ್ತಿಗೆಗೆ ಒತ್ತಿತ್ತು. “ಎರಡೂ ಬರಕೋರಿ,” ಅಂದ.

ಅವರು ಎರಡನ್ನೂ ಬರೆದುಕೊಂಡರು.

ಕಸ್ತೂರಿಬಾಯಿ ನೀರಿಗೆ ಬೀಳಲಿಲ್ಲ. ನೀಲಕಂಠನ ಪಾದದಲ್ಲಿ ಕಲ್ಲು ನೆಟ್ಟು ರಕ್ತ ಬಂತು, ಆದರೂ ಹೆಗಲು ಬಗ್ಗಿಸಲಿಲ್ಲ. ಒಂಬತ್ತು ವರ್ಷದಲ್ಲಿ ಅವಳಿಗೆ ಅವನಿಂದ ಆದದ್ದು ಅಷ್ಟೇ.

ಮರುದಿನ ಕಾಲಿಗೆ ಬಟ್ಟೆ ಸುತ್ತಿಕೊಂಡು, ಕುಂಟುತ್ತ ಗ್ರಂಥಾಲಯಕ್ಕೆ ಹೋದ. ಮೆಹರೀನ್ ಕೇಳದೆಯೇ ಪುಸ್ತಕ ತಂದಿಟ್ಟಳು. ತಂದಿಟ್ಟು ಮೇಲೆ ಕೈ ತೋರಿಸಿದಳು. ಮೂಲೆಯಲ್ಲಿ ರಿಪೇರಿಯಾದ ಕ್ಯಾಮೆರಾ, ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು.

“ಚಾಲೂ ಅದರಿ ಸರ. ನೀವೇ ಸಹಿ ಮಾಡೀರಿ.”

“ಗೊತ್ತದರಿ ಮೇಡಂ.”

ಬ್ಲೇಡು ಕೇಳಲಿಲ್ಲ. ಕ್ಯಾಮೆರಾಕ್ಕೆ ಮುಖ ಕಾಣುವ ಹಾಗೆ ನಿಂತು, ದತ್ತಪ್ಪನ ಒಪ್ಪಿಗೆ ಪತ್ರದ ಹಾಳೆ ಹಿಡಿದು ಜಗ್ಗಿದ. ಭಾರಿ ಜೋರಿನಿಂದಲೇ ಜಗ್ಗಿದ, ನಬಿಸಾಬರ ಹೊಲಿಗೆಯಲ್ಲವೆ? ಹಾಳೆ ಒಂದೇ ಜಗ್ಗಿಗೆ ಬಂತು. ಅಂಚು ಸಹ ಹರಿಯಲಿಲ್ಲ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡು ನೀಲಕಂಠ ಕುರ್ಚಿಯ ಮೇಲೆ ಕೂತ. ಜೂನ್‌ನಲ್ಲಿ ಮುದುಕಿ ಕೂತಿದ್ದ ಅದೇ ಕುರ್ಚಿ. ಕೂತು ಬಿಕ್ಕಿ ಬಿಕ್ಕಿ ಅತ್ತ. ಓದಲು ಬಂದಿದ್ದವರು ತಲೆ ಎತ್ತಿ ನೋಡಿದರು. ಮೆಹರೀನ್ ದೂರಿನ ಫಾರಂ ತೆಗೆದು ಪಕ್ಕಕ್ಕಿಟ್ಟು ಒಂದು ಲೋಟ ನೀರು ಕೊಟ್ಟಳು.

ಕಣ್ಣು ಒರೆಸಿಕೊಂಡು ಅವನು ಅವಳಲ್ಲಿ ಒಂದು ಬಿಳಿ ಹಾಳೆ, ಒಂದು ಲಕೋಟೆ ಕೇಳಿದ. ಅಲ್ಲೇ ಮೇಜಿನ ಮೇಲೆ, ಓಣಿಯ ಉಳಿದವರ ಸಲುವಾಗಿ, ಜಿಲ್ಲೆಯ ಆಫೀಸಿಗೆ ಕವರಿಂಗ್ ಲೆಟರ್ ಬರೆದ. ‘ಮೂಲ ಪ್ರತಿ ಲಗತ್ತಿಸಿದೆ’ ಎಂದು ಕೊನೆಗೆ ಬರೆದು, ಸಹಿ ಮಾಡಿ, ಗೋಡೆಯ ಗಡಿಯಾರ ನೋಡಿದ. ಬರೋಬರಿ ಹತ್ತು ಮಿನಿಟು ಹಿಡಿದಿತ್ತು.